ಬಾಟಲಿ ಚೀಲಕ್ಕೆ, ತೋಟೆ ಇದ್ದಲ್ಲೇ

ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡುವ ಈ ಪುಟಕ್ಕೆ ಮಳೆ ಮುಗಿಯುತ್ತಿದ್ದಂತೆ ಗುಡ್ಡ ಸ್ವಚ್ಛಗೊಳಿಸುವ ಬಗ್ಗೆಯೇ ಹೆಚ್ಚು ಪತ್ರ ಬಂದಿವೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದವನ್ನು ಒಟ್ಟು ಮಾಡಿ ಇಲ್ಲಿ ಉತ್ತರಿಸಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿಕೊಂಡಿದ್ದೇವೆ.

ನಾವು ಕಾಲೇಜಿನ 40 ಜನ ಒಂದು ಭಾನುವಾರ ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ ಕಡೆ ಕಸ ಹೆಕ್ಕಬೇಕೆಂದಿದ್ದೇವೆ. ಯಾರನ್ನು ಕೇಳಬೇಕು? ಎಷ್ಟು ಚೀಲ ಬೇಕಾದೀತು?
— ಚಿಕ್ಕಮಗಳೂರು

ಮೊದಲು ಭಾನುವಾರ ಬಿಡಿ. ಅವತ್ತು ಗಿರಿಯ ರಸ್ತೆಯಲ್ಲಿ ವಾಹನ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಚೀಲ ಹೊತ್ತವರಿಗೆ ದಾರಿ ಸಿಗದು, ಕಸ ಇಳಿಸುವ ಪಿಕಪ್ಪಿಗೆ ನಿಲ್ಲಲು ಜಾಗವೂ ಇರದು. ಮಂಗಳವಾರ ಅಥವಾ ಬುಧವಾರ ಹೋಗಿ. ವಾರಾಂತ್ಯದ ಕಸ ಅಲ್ಲೇ ಬಿದ್ದಿರುತ್ತದೆ.

ವಲಯ ಅರಣ್ಯಾಧಿಕಾರಿಗೆ ಕನಿಷ್ಠ ಹದಿನೈದು ದಿನ ಮುಂಚೆ ಬರವಣಿಗೆಯಲ್ಲಿ ಪತ್ರ ಕೊಡಿ. ದಿನಾಂಕ, ಜನರ ಪಟ್ಟಿ, ಎಲ್ಲಿಂದ ಎಲ್ಲಿಯವರೆಗೆ, ಕಸ ಎಲ್ಲಿಗೆ ಹೋಗುತ್ತದೆ, ಜೊತೆಗೆ ತರುವ ಸಲಕರಣೆ ಯಾವುವು ಎಂದು ಬರೆಯಿರಿ. ಸಲಕರಣೆ ಬರೆಯುವುದಕ್ಕೆ ಕಾರಣವಿದೆ. ಮುತ್ತೋಡಿಯಂಥ ಕಡೆ, ಅಂದರೆ ಭದ್ರಾ ಅಭಯಾರಣ್ಯದೊಳಗೆ, 1972ರ ವನ್ಯಜೀವಿ ಕಾಯ್ದೆಯ ಕಲಂ 27ರಂತೆ ಪ್ರವೇಶಕ್ಕೇ ಅನುಮತಿ ಬೇಕು. ಕಲಂ 31ರಂತೆ ಆಯುಧ ಒಯ್ಯಲು ಬೇರೆ ಲಿಖಿತ ಅನುಮತಿ ಬೇಕು. ಆ ಕಾಯ್ದೆಯ ಲೆಕ್ಕದಲ್ಲಿ ಚಾಕುವೂ ಆಯುಧ, ಬಲೆಯೂ ಆಯುಧ. ಲಂಟಾನ ಸವರಲೆಂದು ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಹೋದ ಸ್ವಯಂಸೇವಕ ಗೇಟಿನಲ್ಲೇ ಸಿಕ್ಕಿಬೀಳಬಹುದು.

40 ಜನರನ್ನು ಐದೈದರ ಎಂಟು ತಂಡ ಮಾಡಿ. ಒಂದು ತಂಡಕ್ಕೆ ಎರಡು ಉದ್ದ ಚಿಮಟ, ನಾಲ್ಕು ಗೋಣಿ, ಮುಚ್ಚಳವಿರುವ 20 ಲೀಟರಿನ ಖಾಲಿ ಪೇಂಟ್ ಬಕೆಟ್ ಒಂದು, ಅಂಗೈಗೆ ರಬ್ಬರ್ ಲೇಪನವಿರುವ ಕೈಗವಸು ಐದು ಜೊತೆ. ಬಕೆಟ್ ಮುಖ್ಯವಾಗಿ ಒಡೆದ ಗಾಜಿಗೆ. ಗಾಜನ್ನು ಗೋಣಿಗೆ ಹಾಕಿದರೆ ಹೊತ್ತವನ ತೊಡೆಯೋ ಬೆನ್ನೋ ಕೊಯ್ಯುತ್ತದೆ. ಕಪ್ಪು ಗಾರ್ಬೇಜ್ ಬ್ಯಾಗ್ ತರಲೇಬೇಡಿ, ಮೊದಲ ಬಿಯರ್ ಬಾಟಲಿಗೇ ಹರಿಯುತ್ತದೆ. ಬಿಸಿಲಿಗೆ ಬಿದ್ದಿದ್ದ ಹಳೆಯ ಗೊಬ್ಬರದ ಚೀಲವೂ ಬೇಡ. ಅದು ಎಳೆ ಎಳೆಯಾಗಿ ಉದುರಿ ತಾನೇ ಕಸವಾಗುತ್ತದೆ.

ಈಗ ತೂಕ. ಚೀಲ ತುಂಬುವುದನ್ನು ಎಲ್ಲರೂ ಯೋಚಿಸುತ್ತಾರೆ, ಇಳಿಸುವುದನ್ನು ಯೋಚಿಸುವವರು ಕಡಿಮೆ. 650 ಎಂಎಲ್ ಬಿಯರ್ ಬಾಟಲಿ ಖಾಲಿಯಿದ್ದರೂ ಹೆಚ್ಚು ಕಡಿಮೆ ಅರ್ಧ ಕೆಜಿ. ಅಕ್ಕಿ ಗೋಣಿಗೆ ನಲವತ್ತು ತುಂಬಿದರೆ 20 ಕೆಜಿ. ಅದನ್ನು ಹೊತ್ತು ಮೆಟ್ಟಿಲು ಇಳಿಯುವವನ ಮಂಡಿ ಮಾರನೇ ದಿನ ಮಾತಾಡುತ್ತದೆ. ಒಬ್ಬರಿಗೆ 10 ಕೆಜಿ ಸಾಕು, ಅಂದರೆ ಅರ್ಧ ಗೋಣಿ. ನೀರಿನ ಪ್ಲಾಸ್ಟಿಕ್ ಬಾಟಲಿಯದು ಉಲ್ಟಾ ಕಥೆ. ಲೀಟರಿನದು 20–25 ಗ್ರಾಂ ಅಷ್ಟೇ, ತೂಕವಿಲ್ಲ, ಜಾಗ ತಿನ್ನುತ್ತದೆ. ಮುಚ್ಚಳ ತೆಗೆದು ತುಳಿದು, ಮತ್ತೆ ಮುಚ್ಚಳ ಹಾಕಿ ಚೀಲಕ್ಕೆ ಸೇರಿಸಿ. ಹಳದಿ ನೀರಿರುವ ಬಾಟಲಿ ಸಿಗುತ್ತದೆ, ಖಂಡಿತ ಸಿಗುತ್ತದೆ. ಅದನ್ನು ತೆರೆಯದೆ ಬಕೆಟ್ಟಿಗೆ ಹಾಕಿ.

ಬಹುತೇಕ ತಂಡಗಳು ಎಡವುವುದು ಒಂದೇ ಕಡೆ. ವಾಹನ ನಿಲ್ಲಿಸಿದಲ್ಲಿಂದಲೇ ಹೆಕ್ಕಲು ಶುರು. ಇನ್ನೂರು ಮೀಟರಿನಲ್ಲಿ ಚೀಲ ಭರ್ತಿ, ಅಲ್ಲಿಗೆ ಉತ್ಸಾಹವೂ ಖಾಲಿ. ಮೇಲಿನ ಕಸ ಮುಂದಿನ ವರ್ಷಕ್ಕೂ ಅಲ್ಲೇ. ಖಾಲಿ ಚೀಲ ಹಿಡಿದು ಮೊದಲು ತುದಿಗೆ ಹೋಗಿ, ಇಳಿಯುತ್ತ ಹೆಕ್ಕಿ. 1930 ಮೀಟರ್ ಎತ್ತರದಲ್ಲಿ ಗಾಳಿ ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ. ಚಿಪ್ಸ್ ಪ್ಯಾಕೆಟ್ಟಿನ ಚೀಲದ ತಳಕ್ಕೆ ಒಂದು ಕಲ್ಲು ಹಾಕದಿದ್ದರೆ ಹೆಕ್ಕಿದ್ದೆಲ್ಲ ಕಣಿವೆಗೆ ಹಾರುತ್ತದೆ.

ಶೋಲೆಯ, ಅಂದರೆ ಗುಡ್ಡದ ಮಡಿಲಿನ ಕಾಡಿನ, ಅಂಚಿನಲ್ಲಿ ಬಿದ್ದ ಬಾಟಲಿಯನ್ನು ನೇರ ಚೀಲಕ್ಕೆ ಎಸೆಯಬೇಡಿ. ಕೋಲಿನಿಂದ ಒಮ್ಮೆ ಹೊರಳಿಸಿ, ಅಡಿಯಲ್ಲಿ ಮಂಡಲದ ಹಾವು ಮಲಗಿರಬಹುದು. ಆಮೇಲೆ ಬಾಯಿ ಕೆಳಗೆ ಮಾಡಿ ಅಲ್ಲಾಡಿಸಿ. ಒಳಗೆ ಬಿದ್ದ ಜೀರುಂಡೆಗಳು ಜಾರುವ ಗಾಜಿನ ಮೇಲೆ ಹತ್ತಲಾರದೆ ಅಲ್ಲೇ ಕೊಳೆತು ಕಪ್ಪು ಗಂಜಿಯಾಗಿರುತ್ತವೆ. ಕೆಲವೊಮ್ಮೆ ಆ ಗಂಜಿಯ ಮೇಲೆ ಜೀವಂತ ಕಪ್ಪೆಯೊಂದು ಕೂತಿರುತ್ತದೆ. ಹಳ್ಳದಲ್ಲಿ ಪಾಚಿ ಕಟ್ಟಿದ ಬಾಟಲಿಯಾದರೆ ಅದರ ನೀರನ್ನು ಅದೇ ಹಳ್ಳಕ್ಕೆ ಸುರಿಯಿರಿ. ತರಗೆಲೆ ಗುಡಿಸಬೇಡಿ, ಅದು ಕಸವಲ್ಲ. ಉಳಿದ ಕಸವನ್ನು ಅಲ್ಲೇ ಸುಡುವ ಯೋಚನೆಯೂ ಬೇಡ, ಹೂಳುವುದೂ ಬೇಡ. ಹೂತದ್ದನ್ನು ಹಂದಿ ಎರಡೇ ರಾತ್ರಿಯಲ್ಲಿ ಕೆದರಿ ಹಾಕುತ್ತದೆ.

ಎತ್ತಿನಭುಜದ ಕಡೆ ಕಸ ಹೆಕ್ಕುವಾಗ ಕೆಂಪು ಬಣ್ಣದ ಖಾಲಿ ತೋಟೆಗಳು (ಕೋವಿಯ ಕಾಡತೂಸು) ಸಿಕ್ಕವು. ಪ್ಲಾಸ್ಟಿಕ್ ಅಲ್ಲವೇ ಎಂದು ಚೀಲಕ್ಕೆ ಹಾಕಿದೆವು. ಸರಿಯೇ?
— ಮೂಡಿಗೆರೆ

ಸರಿಯಲ್ಲ. ಈ ಸಲದ ಪುಟದಲ್ಲಿ ಒಂದೇ ಉತ್ತರ ಓದುವವರಿದ್ದರೆ ಇದನ್ನು ಓದಿ.

ಮೀಸಲು ಅರಣ್ಯದಲ್ಲಿ ಈಡು ಹೊಡೆಯುವುದೇ ಅಪರಾಧ. ಹಾಗಾಗಿ ಅಲ್ಲಿ ಬಿದ್ದ ಖಾಲಿ ತೋಟೆ ಒಂದು ಪ್ರಕರಣದ ಸಾಕ್ಷಿ. ಅದರ ಹಿತ್ತಾಳೆ ಬುಡದ ನಡುವೆ ಚಿಕ್ಕ ಗುಂಡಗಿನ ಕೇಪು ಇರುತ್ತದೆ. ಕೋವಿಯ ಕುದುರೆ, ಅಂದರೆ ಬಡಿಯುವ ಸುತ್ತಿಗೆಯಂಥ ಭಾಗ, ಬಿದ್ದಾಗ ಒಳಗಿನ ಸೂಜಿ ಕೇಪಿನ ಮೇಲೆ ಗುಳಿ ಮಾಡುತ್ತದೆ. ಆ ಗುಳಿಯ ಆಕಾರ, ಅದು ನಡುವಿನಿಂದ ಎಷ್ಟು ಸರಿದಿದೆ, ಅದರೊಳಗಿನ ಗೀರು, ಇವು ಕೋವಿಯಿಂದ ಕೋವಿಗೆ ಬೇರೆ. ವಿಧಿವಿಜ್ಞಾನ ಪ್ರಯೋಗಾಲಯದವರು ಇದನ್ನೇ ಸೂಕ್ಷ್ಮದರ್ಶಕದಲ್ಲಿ ಹೋಲಿಸುವುದು. ನಿಮ್ಮ ಚೀಲದಲ್ಲಿ ಇತರ ತೋಟೆಗಳ ಜೊತೆ ಗಲಗಲ ಆಡಿದ ಮೇಲೆ ಗೀರು ಯಾವುದು, ಗೆರೆ ಯಾವುದು? ಎಲ್ಲಿ ಬಿದ್ದಿತ್ತು ಎನ್ನುವುದೂ ಹೋಯಿತು.

ಮಾಡಬೇಕಾದದ್ದು ಇಷ್ಟು. ಮುಟ್ಟಬೇಡಿ. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ. ಅದರ ವ್ಯಾಸ 27 ಮಿ.ಮೀ., ಅಳತೆಗೆ ಅನುಕೂಲ. ಒಂದು ಹತ್ತಿರದಿಂದ, ಇನ್ನೊಂದು ಸುತ್ತಲಿನ ಮರ, ಬಂಡೆ ಕಾಣುವ ಹಾಗೆ. ಫೋನಿನಲ್ಲಿ ಲೊಕೇಶನ್ ಗುರುತು ಮಾಡಿ. ಎರಡು ಹೆಜ್ಜೆ ದೂರದ ಗಿಡಕ್ಕೆ ಬಟ್ಟೆ ಚೂರು ಕಟ್ಟಿ, ಅರಣ್ಯ ಇಲಾಖೆಯ ಬೀಟ್ ಗಾರ್ಡಿಗೆ ತಿಳಿಸಿ. ಅನುಮತಿ ಪತ್ರದ ಜೊತೆಗೇ ಅವರ ಫೋನ್ ನಂಬರ್ ಕೇಳಿಟ್ಟುಕೊಂಡಿರಬೇಕು. ಪಾಚಿ ಹಿಡಿದ ಹಳೆಯ ತೋಟೆಯಾದರೂ ಕ್ರಮ ಇದೇ. ಎತ್ತಿಕೊಳ್ಳಿ ಎಂದು ಅವರೇ ಹೇಳಿದರೆ ಎತ್ತಿಕೊಳ್ಳಿ. ವಾಟ್ಸಾಪ್ ಸ್ಟೇಟಸ್ಸಿಗೆ ಮಾತ್ರ ಹಾಕಬೇಡಿ. ನಿಮ್ಮ ಊರಿನ ಗುಂಪಿನಲ್ಲೇ ಈಡುಗಾರನೂ ಇದ್ದಾನು. ಗಾರ್ಡ್ ಬರುವುದರೊಳಗೆ ಅವನು ಬಂದು ಹೋಗಿರುತ್ತಾನೆ.

ಖಾಲಿ, ತುಂಬಿದ್ದು ಗೊತ್ತಾಗುವುದು ಹೇಗೆ? ಸಿಡಿದ ತೋಟೆಯ ಬಾಯಿ ತೆರೆದಿರುತ್ತದೆ, ಅಂಚು ಹೂವಿನ ಹಾಗೆ ಬಿಚ್ಚಿರುತ್ತದೆ, ಕೇಪಿನ ಮೇಲೆ ಗುಳಿ ಇರುತ್ತದೆ. ಬಾಯಿ ಮಡಚಿ ಮುಚ್ಚಿದ್ದು, ಕೇಪು ನುಣ್ಣಗಿದ್ದರೆ ತುಂಬಿದ್ದು. ಬಾಯಿ ಮುಚ್ಚಿದೆ, ಆದರೆ ಕೇಪಿನಲ್ಲಿ ಗುಳಿ ಇದೆ ಎಂದರೆ ಹೊಡೆದರೂ ಸಿಡಿಯದೆ ಉಳಿದದ್ದು. ಈ ಕೊನೆಯದನ್ನು ಗಾರ್ಡ್ ಬರುವವರೆಗೆ ಯಾರೂ ಸಮೀಪಿಸದ ಹಾಗೆ ಒಬ್ಬರು ದೂರ ನಿಂತು ಕಾಯಿರಿ.

ಇದಕ್ಕಿಂತ ಕೆಟ್ಟದ್ದು ಮದ್ದುಂಡೆ. ಕಾಡುಹಂದಿಗೆಂದು ಹಿಟ್ಟು, ಕೊಬ್ಬು, ಒಣಮೀನು ಮೆತ್ತಿ ದಾರದಿಂದ ಬಿಗಿದು ಇಟ್ಟಿರುತ್ತಾರೆ. ನಿಂಬೆಹಣ್ಣಿನಿಂದ ಕಿತ್ತಳೆಯವರೆಗಿನ ಗಾತ್ರ. ನೋಡಿದರೆ ಯಾರೋ ಬಿಸಾಡಿದ ತಿಂಡಿ ಪೊಟ್ಟಣದ ಹಾಗೇ ಇರುತ್ತದೆ. ಒತ್ತಿದರೆ, ತುಳಿದರೆ ಸಿಡಿಯುತ್ತದೆ. ಚಿಮಟದಿಂದಲೂ ಹಿಡಿಯಬೇಡಿ, ಬಂದ ದಾರಿಯಲ್ಲೇ ಹಿಂದೆ ಸರಿದು 112ಕ್ಕೆ ಕರೆ ಮಾಡಿ. ಒಂದು ಸಿಕ್ಕಲ್ಲಿ ಇನ್ನೂ ಇರಬಹುದು, ಆ ಜಾಗದಲ್ಲಿ ಅವತ್ತಿನ ಕೆಲಸ ಮುಗಿಯಿತೆಂದೇ ತಿಳಿಯಿರಿ. ಬೈಕಿನ ಕ್ಲಚ್ ವೈರಿನ ಉರುಳು ಕಂಡರೂ ಕಿತ್ತು ತರಬೇಡಿ, ತೋಟೆಯ ಹಾಗೇ ಫೋಟೋ ತೆಗೆದು ತಿಳಿಸಿ. ಅದರಲ್ಲಿ ಪ್ರಾಣಿ ಸಿಕ್ಕಿ ಒದ್ದಾಡುತ್ತಿದ್ದರೆ ಮೊದಲು ಇಲಾಖೆಗೆ ಫೋನ್, ಆಮೇಲೆ ಜನರನ್ನು ದೂರ ಇಡುವ ಕೆಲಸ. ನಾವೇ ಬಿಡಿಸುತ್ತೇವೆಂದು ಹೋದರೆ ಗಾಬರಿಯಲ್ಲಿ ಅದು ಇನ್ನಷ್ಟು ಎಳೆದು ಉರುಳು ಮೂಳೆಗೆ ಇಳಿಯುತ್ತದೆ.

ಇನ್ನು ನೀವು ಈಗಾಗಲೇ ತಂದಿರುವ ತೋಟೆಗಳು. ಹಾಗೇ ಒಂದು ಡಬ್ಬಿಗೆ ಹಾಕಿ, ನೆನಪಿರುವಷ್ಟು ಜಾಗ, ದಿನಾಂಕ ಚೀಟಿಯಲ್ಲಿ ಬರೆದು ವಲಯ ಕಚೇರಿಗೆ ಕೊಟ್ಟುಬಿಡಿ. ಮನೆಯಲ್ಲಿ ಇಟ್ಟುಕೊಂಡರೆ ನಾಳೆ ಉತ್ತರ ಕೊಡಬೇಕಾದವರು ನೀವೇ.

ಮಗಳು ಅಮೆರಿಕದ ಕೊಲೊರಾಡೊದಲ್ಲಿದ್ದಾಳೆ. ಅಲ್ಲಿ ಸ್ವಯಂಸೇವಕರು ಕಾಡಿನಲ್ಲಿ ಗುಂಡು ಹೊಡೆದ ಜಾಗಕ್ಕೆ ಹೋಗಿ ತೋಟೆಗಳನ್ನೆಲ್ಲ ಗುಡಿಸಿ ತರುತ್ತಾರಂತೆ. ನಮ್ಮಲ್ಲಿ ಯಾಕೆ ಹಾಗೆ ಮಾಡಬಾರದು?
— ಹಾಸನ

ಅಲ್ಲಿಯ ಕಾನೂನೇ ಬೇರೆ. ಅಮೆರಿಕದ ಬಹಳಷ್ಟು ರಾಷ್ಟ್ರೀಯ ಅರಣ್ಯಗಳಲ್ಲಿ, ನಿರ್ಬಂಧಿಸಿದ ಜಾಗ ಬಿಟ್ಟು ಉಳಿದೆಡೆ, ಗುರಿ ಹೊಡೆಯುವುದು ಕಾನೂನುಬದ್ಧ ಹವ್ಯಾಸ. ಮನೆ, ಕ್ಯಾಂಪು, ಪ್ರವಾಸಿ ತಾಣಗಳಿಂದ 150 ಗಜದೊಳಗೆ ಹೊಡೆಯಬಾರದು, ರಸ್ತೆ ಅಥವಾ ನೀರಿಗೆ ಅಡ್ಡಲಾಗಿ ಹೊಡೆಯಬಾರದು ಎಂಬ ನಿಯಮಗಳಿವೆ. ಹೊಡೆದ ಮೇಲೆ ಬಿದ್ದ ತೋಟೆ ಅಲ್ಲಿ ಬರೀ ಕಸ, ಹೊಡೆದವನೇ ಹೆಕ್ಕಬೇಕಾದ ಕಸ. ಅವನು ಹೆಕ್ಕದೆ ಹೋಗುತ್ತಾನೆ, ಸ್ವಯಂಸೇವಕರು ಬರುತ್ತಾರೆ. ಸೆಪ್ಟೆಂಬರಿನ ನಾಲ್ಕನೇ ಶನಿವಾರ ಸಾರ್ವಜನಿಕ ಜಮೀನುಗಳಲ್ಲಿ ಇಂಥ ಸ್ವಯಂಸೇವೆಗೆಂದು ಒಂದು ರಾಷ್ಟ್ರೀಯ ದಿನವೂ ಇದೆ, 1994ರಿಂದ.

ಅವರಿಗೆ ಸಿಗುವ ಕಸವೂ ನಮ್ಮದರಂತಲ್ಲ. ಗುರಿಯಿಡಲೆಂದು ತಂದು ಬಿಸಾಡಿದ ಹಳೆಯ ಟಿವಿ, ಫ್ರಿಜ್ಜು, ಗ್ಯಾಸ್ ಸಿಲಿಂಡರು. ಗಾಳಿಯಲ್ಲಿ ಹಾರಿಸಿ ಹೊಡೆಯುವ ಬಿಲ್ಲೆಗಳ ಚೂರು ರಾಶಿ ರಾಶಿ. ಈ ಬಿಲ್ಲೆಗೆ ಇಂಗ್ಲಿಷಿನಲ್ಲಿ ಮಣ್ಣಿನ ಪಾರಿವಾಳ ಎಂಬರ್ಥದ ಹೆಸರಿದ್ದರೂ ಅದರಲ್ಲಿ ಮಣ್ಣಿಲ್ಲ. ಸುಣ್ಣಕಲ್ಲಿನ ಪುಡಿ, ಡಾಂಬರಿನಂಥ ಅಂಟು ಅಷ್ಟೇ, ಮಳೆಗೆ ಕರಗುವುದಿಲ್ಲ. ಉಕ್ಕಿನ ತೋಟೆಯನ್ನು ಅಯಸ್ಕಾಂತದ ಕೋಲಿನಿಂದ ಎತ್ತುತ್ತಾರೆ. ಹಿತ್ತಾಳೆ ಅದಕ್ಕೆ ಅಂಟದು, ಹಾಗಾಗಿ ಕುಂಟೆ, ಜರಡಿ ಬೇಕು. ಮಣ್ಣಿಗೆ ಸೇರಿದ ಸೀಸವನ್ನು ತೆಗೆಯುವುದು ಮಾತ್ರ ಅಲ್ಲಿಯೂ ಸ್ವಯಂಸೇವಕರ ಕೆಲಸವಲ್ಲ. ಅದಕ್ಕೆ ತಜ್ಞರು, ಯಂತ್ರ, ಮಣ್ಣಿನ ಪರೀಕ್ಷೆ ಎಲ್ಲ ಬೇಕು.

ಮಗಳಿಂದ ಕಲಿಯಬಹುದಾದ್ದು ಒಂದಿದೆ: ಅವರ ಕೈಗವಸಿನ ಶಿಸ್ತು. ಹಳೆಯ ಸೀಸದ ಗುಂಡಿನ ಮೇಲೆ ಬಿಳಿ ಪುಡಿ ಕಟ್ಟಿರುತ್ತದೆ. ಬರಿಗೈಗೆ ಅಂಟಿ, ಅದೇ ಕೈಯಲ್ಲಿ ಚಿತ್ರಾನ್ನ ತಿಂದರೆ ಸೀಸ ಹೊಟ್ಟೆಗೆ. ಚಿಕ್ಕ ಮಕ್ಕಳಿಗೆ ಇದು ಹೆಚ್ಚು ಅಪಾಯ. ಊಟಕ್ಕೆ ಮುಂಚೆ ಸೋಪಿನಲ್ಲಿ ತೊಳೆಯಬೇಕು, ಸ್ಯಾನಿಟೈಸರ್ ಸೀಸವನ್ನು ತೆಗೆಯುವುದಿಲ್ಲ.

ನಮ್ಮ ಹೋಂಸ್ಟೇಯಲ್ಲಿ ಅತಿಥಿಗಳಿಗೆ ಏರ್‌ಗನ್ ಇಟ್ಟಿದ್ದೇವೆ. ಬಾಟಲಿ ಸಾಲಾಗಿಟ್ಟು ಹೊಡೆಯುತ್ತಾರೆ. ಕೆಳಗಿನ ಕಾಫಿ ಗಿಡದ ಬುಡದಲ್ಲೆಲ್ಲ ಗಾಜು. ಏನು ಮಾಡಬಹುದು?
— ಸಕಲೇಶಪುರ

ಬಾಟಲಿ ಇಡುವುದನ್ನು ಇವತ್ತೇ ನಿಲ್ಲಿಸಿ. ಕಾಫಿ ಕುಯ್ಯಲು ಬರುವವರಲ್ಲಿ ಬರಿಗಾಲಿನವರೂ ಇರುತ್ತಾರೆ. ಬಿದ್ದ ಗಾಜನ್ನು ಎಲೆ ಸರಿಸಿ ಕೈಯಲ್ಲೇ ಹೆಕ್ಕಬೇಕು. ಕುಂಟೆ ಎಳೆದರೆ ಇನ್ನೂ ಆಳಕ್ಕೆ ಹೋಗುತ್ತದೆ. ಸಂಜೆ ಟಾರ್ಚನ್ನು ನೆಲದ ಮಟ್ಟಕ್ಕೆ ಹಿಡಿದರೆ ಚೂರುಗಳು ಮಿಂಚುತ್ತವೆ, ಹಗಲಲ್ಲಿ ಕಾಣದ್ದೂ ಕಾಣುತ್ತದೆ.

ಗಾಜಿಗಿಂತ ನಿಧಾನದ ತೊಂದರೆ ಸೀಸದ್ದು. ಏರ್‌ಗನ್ನಿನ 4.5 ಮಿ.ಮೀ. ಪೆಲೆಟ್ (ಸೀಸದ ಗುಂಡು) ಒಂದು ಸುಮಾರು ಅರ್ಧ ಗ್ರಾಂ. 500ರ ಒಂದು ಡಬ್ಬಿ ಖಾಲಿಯಾದರೆ ಕಾಲು ಕೆಜಿ ಸೀಸ ನಿಮ್ಮ ತೋಟದಲ್ಲಿ ಉಳಿಯಿತು. ಮಲೆನಾಡಿನ ಮಣ್ಣು ಹುಳಿ, ಮಳೆ ಜಾಸ್ತಿ. ಹುಳಿ ಮಣ್ಣಿನಲ್ಲಿ ಸೀಸ ಬೇಗ ಸವೆದು ನೀರಿಗೆ ಇಳಿಯುತ್ತದೆ. ಕಾಡುಕೋಳಿ, ನವಿಲು ಕಾಳು ಅರೆಯಲೆಂದು ಹರಳು ನುಂಗುವಾಗ ಪೆಲೆಟ್ಟನ್ನೂ ನುಂಗುತ್ತವೆ.

ಪೆಟ್ಟಿಗೆ ಮಾಡಿಸಿ. ಒಂದೂವರೆ ಅಡಿ ಚೌಕದ ಮರದ ಪೆಟ್ಟಿಗೆ, ಒಳಗೆ 3 ಮಿ.ಮೀ. ದಪ್ಪದ ಕಬ್ಬಿಣದ ತಗಡು 45 ಡಿಗ್ರಿ ಓರೆಯಾಗಿ. ತಗಡಿನ ಮೇಲಂಚು ಹೊಡೆಯುವವನ ಕಡೆಗೆ ಬಾಗಿರಬೇಕು, ಆಗ ಪೆಲೆಟ್ ಬಡಿದು ಕೆಳಕ್ಕೆ ಬೀಳುತ್ತದೆ. ಅಡಿಯಲ್ಲಿ ಎರಡಂಗುಲ ಮರಳು. ಮುಂದೆ ರಟ್ಟು ಅಂಟಿಸಿ, ಅದರ ಮೇಲೆ ಗುರಿಯ ಕಾಗದ. ಮರಳನ್ನು ತಿಂಗಳಿಗೊಮ್ಮೆ ಜರಡಿ ಹಿಡಿದರೆ ಸೀಸ ಅಷ್ಟೂ ಕೈಗೆ ಬರುತ್ತದೆ, ಗುಜರಿಯವರು ಕೊಳ್ಳುತ್ತಾರೆ. ದೂರ 10 ಮೀಟರ್, ಹಿಂದೆ ಮಣ್ಣಿನ ದರೆ, ಎಲ್ಲರಿಗೂ ಕಣ್ಣಿಗೆ ಕನ್ನಡಕ. ಗುಂಡಗಿನ ಉಕ್ಕಿನ ಬಿಬಿ ಮಾತ್ರ ಬೇಡ, ಅದು ತಗಡಿಗೆ ಬಡಿದು ನೇರ ವಾಪಸ್ ಬರುತ್ತದೆ.

ಏರ್‌ಗನ್ನಿಗೆ ಲೈಸೆನ್ಸ್ ಬೇಡವಲ್ಲ ಎಂದು ಅತಿಥಿಗಳು ಅದನ್ನು ಹಿಡಿದು ಬಿಸಿಲೆ ಕಡೆಗೆ ಹೊರಟರೆ ತಡೆಯಿರಿ. ಲೈಸೆನ್ಸ್ ಬೇಡದ್ದು ಶಸ್ತ್ರಾಸ್ತ್ರ ಕಾನೂನಿನ ಮಾತು. ಹಕ್ಕಿಯನ್ನು ಕೊಲ್ಲಬಲ್ಲ ಯಾವುದೂ ವನ್ಯಜೀವಿ ಕಾಯ್ದೆಯಲ್ಲಿ ಆಯುಧವೇ.

ನಮ್ಮೂರ ಕಾಡಿನ ಅಂಚಿನ ಸೂಚನಾ ಫಲಕಕ್ಕೆ ಯಾರೋ ಚರೆ (ಕೋವಿಯ ಸಣ್ಣ ಗುಂಡು) ಹೊಡೆದು ಜರಡಿ ಮಾಡಿದ್ದಾರೆ. ಪಕ್ಕದ ಮರಕ್ಕೂ ತಾಗಿದೆ. ನಾವೇ ಸರಿಪಡಿಸಬಹುದೇ?
— ಆಲೂರು

ಫಲಕ ಇಲಾಖೆಯದು, ಕೇಳಿಯೇ ಮುಟ್ಟಬೇಕು. ಮೊದಲು ಫೋಟೋ. ತೂತುಗಳ ಹರವು ಎಷ್ಟು ದೂರದಿಂದ ಹೊಡೆದಿದ್ದೆಂದು ಹೇಳುತ್ತದೆ. ಅಂಗೈ ಅಗಲದಲ್ಲಿ ಒತ್ತೊತ್ತಾಗಿದ್ದರೆ ಹತ್ತಿರದಿಂದ, ಫಲಕದ ತುಂಬ ಚೆದುರಿದ್ದರೆ ದೂರದಿಂದ. ಕೋವಿ ಹೇಗೆ ಹರಡುತ್ತದೆಂದು ನೋಡಲು ಫಲಕಕ್ಕೆ ಹೊಡೆಯುವ ಚಾಳಿ ಹಳೆಯದು.

ದುರಸ್ತಿಗೆ ಹೊರಟರೆ ತೂತಿಗೆ ಬಣ್ಣ ಬಳಿದು ಸುಮ್ಮನಾಗಬೇಡಿ, ಒಂದೇ ಮಳೆಗಾಲಕ್ಕೆ ತುಕ್ಕಿನ ಕಣ್ಣೀರು ಇಳಿಯುತ್ತದೆ. ಚರೆ ಹೊಕ್ಕ ಕಡೆ ತಗಡು ಒಳಕ್ಕೆ ಕುಸಿದು, ಹಿಂದೆ ಮುಳ್ಳಿನಂತೆ ಎದ್ದಿರುತ್ತದೆ. ಮುಂದೆ ಭಾರದ ಕಬ್ಬಿಣ ಒತ್ತಿಹಿಡಿದು ಹಿಂದಿನಿಂದ ಸುತ್ತಿಗೆಯಲ್ಲಿ ಮಟ್ಟ ಮಾಡಿ. 80 ನಂಬರ್ ಎಮರಿ ಕಾಗದದಿಂದ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಎರಡು ಕೋಟ್ ಕೊಡಿ. ಸಣ್ಣ ತೂತಿಗೆ ಹಿಂದಿನಿಂದ ಎಂ-ಸೀಲ್ ತುಂಬಿ. ದೊಡ್ಡದಕ್ಕೆ ಫಲಕದ್ದೇ ಲೋಹದ ತುಂಡನ್ನು ಪಾಪ್ ರಿವೆಟ್‌ನಲ್ಲಿ ಕೂರಿಸಿ. ಕಬ್ಬಿಣಕ್ಕೆ ಅಲ್ಯೂಮಿನಿಯಂ ತುಂಡು ಹಾಕಿದರೆ ಎರಡೂ ಸೇರಿದಲ್ಲಿ ನೀರು ನಿಂತು ಕೊರೆಯುತ್ತದೆ. ಅಕ್ಷರಗಳೇ ಹೋಗಿದ್ದರೆ ಈ ಶ್ರಮ ದಂಡ, ಹೊಸ ಫಲಕ ಕೇಳಿ.

ಮರದಿಂದ ಚರೆ ಕೀಳಬೇಡಿ. ಮರ ತನ್ನ ಗಾಯದ ಸುತ್ತ ತಾನೇ ಗೋಡೆ ಕಟ್ಟಿಕೊಳ್ಳುತ್ತದೆ. ನೀವು ಉಳಿ ಹಾಕಿದರೆ ಕಾಳಿನಷ್ಟಿದ್ದ ಗಾಯ ಅಂಗೈ ಅಗಲವಾಗಿ ಶಿಲೀಂಧ್ರ ಒಳಸೇರುತ್ತದೆ. ಡಾಂಬರು, ಬಣ್ಣ, ಸಗಣಿ ಏನನ್ನೂ ಮೆತ್ತುವುದು ಬೇಡ.

ಮಂಜ್ರಾಬಾದ್ ಕೋಟೆ ಗೋಡೆಯ ಮೇಲಿನ ಹೆಸರುಗಳನ್ನು ಥಿನ್ನರ್ ಹಾಕಿ ಒರೆಸಬಹುದೇ?
— ಸಕಲೇಶಪುರ

ಇಲ್ಲ. ಕೋಟೆಯ ಗೋಡೆಗೆ ಪುರಾತತ್ವದವರು ಬಿಟ್ಟು ಬೇರೆ ಯಾರೂ ಕೈ ಹಾಕಬಾರದು. ಥಿನ್ನರ್ ಬಣ್ಣವನ್ನು ಕರಗಿಸಿ ಕಲ್ಲಿನ ಒಳಕ್ಕೇ ಇಳಿಸುತ್ತದೆ. ಗುಡ್ಡದ ಬಂಡೆಯ ಮೇಲಿನ ಬರಹವಾದರೆ ನೈಲಾನ್ ಬ್ರಷ್, ನೀರು. ಬಾರದಿದ್ದರೆ ಬಿಟ್ಟುಬಿಡಿ. ತಂತಿ ಬ್ರಷ್ಷಿನ ಗೀರು ಬಣ್ಣಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ.

ಚಾರ್ಮಾಡಿ ಘಾಟಿಯ ತಡೆಗೋಡೆಯಾಚೆ ಕಸದ ರಾಶಿಯೇ ಇದೆ. ಹಗ್ಗ ಕಟ್ಟಿ ಇಳಿಯೋಣವೆಂದಿದ್ದೇವೆ.
— ಕೊಟ್ಟಿಗೆಹಾರ

ಹಗ್ಗದ ಕೆಲಸ ತರಬೇತಿ ಇದ್ದವರಿಗೆ ಬಿಡಿ. ಮಳೆಗೆ ಸಡಿಲವಾದ ಆ ಇಳಿಜಾರಿನಲ್ಲಿ ಮೇಲಿನವನ ಕಾಲಿಗೆ ಸಿಕ್ಕ ಕಲ್ಲು ಕೆಳಗಿನವನ ತಲೆಗೆ. ತಡೆಗೋಡೆಯ ಈಚೆ ಕಡೆಯದನ್ನೇ ಹೆಕ್ಕಿ, ಅದೇ ಒಂದು ದಿನದ ಕೆಲಸ. ತಿರುವಿನ ಎರಡೂ ಬದಿಗೆ ಐವತ್ತು ಮೀಟರ್ ಮುಂಚೆ ಕೆಂಪು ಬಾವುಟದವರು ನಿಲ್ಲಲಿ, ಎಲ್ಲರಿಗೂ ಮಿಂಚುವ ಜಾಕೆಟ್. ಮಂಜು ಇಳಿದರೆ ಆ ಕ್ಷಣವೇ ನಿಲ್ಲಿಸಿ.

ಹೆಕ್ಕಿದ್ದನ್ನು ಪಂಚಾಯಿತಿ ತೆಗೆದುಕೊಳ್ಳಲಿಲ್ಲ. ಚೀಲಗಳು ಶಾಲೆಯ ಹಿಂದೆ ಬಿದ್ದಿವೆ.
— ಬೇಲೂರು ತಾಲ್ಲೂಕು

ಮೊದಲೇ ಪಿಡಿಒಗೆ ಪತ್ರ ಕೊಟ್ಟಿರಲಿಲ್ಲ ಎಂದು ಊಹಿಸುತ್ತೇವೆ. ಪಂಚಾಯಿತಿಯ ಸ್ವಚ್ಛ ಸಂಕೀರ್ಣದಲ್ಲಿ ಕಸ ವಿಂಗಡಿಸುವವರು ಸ್ವಸಹಾಯ ಸಂಘದ ಮಹಿಳೆಯರು. ಬೆರಕೆ, ಒದ್ದೆ ಚೀಲ ಸುರಿದರೆ ಅವರು ಒಲ್ಲೆ ಎನ್ನುವುದರಲ್ಲಿ ತಪ್ಪೇನಿದೆ? ಈಗಲೂ ಕಾಲ ಮಿಂಚಿಲ್ಲ. ಟಾರ್ಪಾಲು ಹಾಸಿ ಸುರಿದು, ಒಂದು ದಿನ ಬಿಸಿಲಿಗೆ ಒಣಗಿಸಿ. ಐದು ರಾಶಿ ಮಾಡಿ: ಇಡೀ ಗಾಜು, ಒಡೆದ ಗಾಜು, ನೀರಿನ ಬಾಟಲಿ ಮತ್ತು ಡಬ್ಬ, ಟೆಟ್ರಾ ಪ್ಯಾಕ್, ಚಿಪ್ಸ್ ಪ್ಯಾಕೆಟ್. ಮದ್ಯದ ಟೆಟ್ರಾ ಪ್ಯಾಕ್ ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರ ಸೇರಿ ಆಗಿರುವುದು, ಅದನ್ನು ಕಾಗದದ ಜೊತೆ ಹಾಕಬೇಡಿ. ಚಿಪ್ಸ್ ಪ್ಯಾಕೆಟ್ಟಿಗೆ ಗುಜರಿಯಲ್ಲಿ ಬೆಲೆಯಿಲ್ಲ, ಅದು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗಬೇಕಾದದ್ದು. ಡಯಾಪರ್, ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಬೇರೆ ಇಡಿ. ಹೀಗೆ ಒಪ್ಪ ಮಾಡಿದ ಚೀಲಗಳ ಪಟ್ಟಿ, ತೂಕ ಬರೆದು ಮತ್ತೊಮ್ಮೆ ಹೋಗಿ ಕೇಳಿ.

ಯಾವ ತಿಂಗಳು ಒಳ್ಳೆಯದು? ಇಂಬಳಕ್ಕೆ ಹೆದರಿಕೆ.
— ಕೊಪ್ಪ

ಅಕ್ಟೋಬರ್ ಕೊನೆಯಿಂದ ನವೆಂಬರ್. ಇಂಬಳದಿಂದ ರಕ್ತ ಹೋಗುತ್ತದೆ, ಜೀವ ಹೋಗುವುದಿಲ್ಲ. ಕಾಲುಚೀಲಕ್ಕೆ ಹೊಗೆಸೊಪ್ಪಿನ ನೀರು ಅದ್ದಿ ಒಣಗಿಸಿಕೊಂಡರೆ ಸಾಕು. ನಿಮ್ಮ ತಾಲ್ಲೂಕಿನಲ್ಲಿ ಹೆದರಬೇಕಾದದ್ದು ಉಣುಗಿಗೆ. ಅದು ಹರಡುವ ಮಂಗನ ಕಾಯಿಲೆ ಹೆಚ್ಚುವುದು ಡಿಸೆಂಬರಿನಿಂದ ಮೇವರೆಗೆ, ಆ ತಿಂಗಳುಗಳಲ್ಲಿ ತರಗೆಲೆಯ ಮೇಲೆ ಕೂತು ಕಸ ವಿಂಗಡಿಸುವ ಕೆಲಸ ಬೇಡ. ಹೋಗಲೇಬೇಕಾದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಗೆ ಬಂದವರು ಬಟ್ಟೆಯನ್ನು ಹೊರಗೇ ಬಿಚ್ಚಿ ಬಿಸಿನೀರಿಗೆ ಹಾಕಬೇಕು. ಆಮೇಲೆ ಮಂಡಿಯ ಹಿಂದೆ, ತೊಡೆಸಂದಿ, ಕಂಕುಳು, ಕಿವಿಯ ಹಿಂದೆ ನೋಡಿಕೊಳ್ಳಿ. ಮರಿ ಉಣುಗು ಸಾಸಿವೆಗಿಂತ ಚಿಕ್ಕದು, ಮಚ್ಚೆಯೆಂದು ಬಿಟ್ಟುಬಿಡುತ್ತೀರಿ.